ಚಂದ್ರನ ಸೈಕಲ್ಲಿನ ಬ್ಯಾಟರಿ

ಗಂಗೊಳ್ಳಿ
೧೭-೧೧-೨೦೨೪, ಭಾನುವಾರ

ಪ್ರೀತಿಯ ಬಚ್ಚನಿಗೆ,

ಗುಡ್ಡನ ನಮಸ್ಕಾರ. ನಾವಿಲ್ಲಿ ಆರಾಮ. ಆರಾಮ ಎಂದು ಬರೆಯುವುದು ಪದ್ಧತಿ, ಅದಕ್ಕೆ ಬರೆದೆ. ನಿಜ ಸಂಗತಿ ಕೆಳಗಿದೆ. ನಿನ್ನ ಕಾಗದ ದೀಪಾವಳಿಗೆ ಮೊದಲೇ ಬಂದಿತ್ತು. ಉತ್ತರ ಇಷ್ಟು ತಡವಾದದ್ದಕ್ಕೆ ಬೈಯಬೇಡ. ಎರಡು ಸಲ ಬರೆಯಲು ಕೂತೆ, ಎರಡು ಸಲವೂ ಸಿಟ್ಟು ಬಂದು ಪೆನ್ನು ಮುಚ್ಚಿಟ್ಟೆ. "ಫೋನ್ ಮಾಡುಕಾತಿಲ್ಯಾ?" ಎಂದು ನಮ್ಮನೆಯವಳು ಸೀತು ಕೇಳಿದಳು. ಮೂವತ್ತು ವರ್ಷ ಬೋಟಿನ ಎಂಜಿನ್ ಪಕ್ಕ ಕೂತು ಕಿವಿ ಕಳೆದುಕೊಂಡ ನಿನ್ನ ಹತ್ತಿರ ಫೋನಿನಲ್ಲಿ ಮಾತಾಡಬೇಕಾದರೆ ನಾನಿಲ್ಲಿ ಕಿರುಚಬೇಕು. ನಾನು ಕಿರುಚಿದರೆ ಬಂದರಿಗೆಲ್ಲ ವಿಷಯ ತಿಳಿಯುತ್ತದೆ. ಇದು ಬಂದರಿಗೆ ತಿಳಿಯುವಂಥ ವಿಷಯವಲ್ಲ. ತಿಳಿದಾಗಿದೆ, ಅದು ಬೇರೆ ಮಾತು.

ಪೂಜಿತಾಳಿಗೆ ಆಸ್ಪತ್ರೆಯಲ್ಲಿ ಕೆಲಸವಾದದ್ದು ಓದಿ ಖುಷಿಯಾಯಿತು. ನಿನ್ನ ಮಗಳು ನರ್ಸ್ ಆದಳು, ಇನ್ನು ನಿನ್ನ ಬೀಡಿಗೆ ಕೊನೆಗಾಲ ಬಂತು ಎಂದು ಸೀತು ನಗುತ್ತಿದ್ದಳು. ಸೀತುವಿನ ಮಂಡಿ ಹಾಗೇ ಇದೆ. ಈ ಸಲ ಬೂತಾಯಿ ಮೀನು ಕಮ್ಮಿ, ಬಂಗುಡೆ ಪರವಾಗಿಲ್ಲ. ನಾನು ಐಸ್ ಪ್ಲಾಂಟಿನ ಕೆಲಸ ಬಿಟ್ಟು ಈಗ ಬಲೆ ಕಟ್ಟುವ ಶೆಡ್ಡಿನಲ್ಲಿ ಕೂರುತ್ತೇನೆ. ಕೈಗೆ ಕೆಲಸ, ಬಾಯಿಗೆ ಬಿಡುವು. ಬಾಯಿಗೆ ಬಿಡುವು ಕೊಟ್ಟದ್ದೇ ತಪ್ಪಾಯಿತು ಎನ್ನುವ ಹಾಗೆ ಆಗಿದೆ.

ಕೊಲ್ಲೂರು ಸವಾರಿ ಹೇಗಾಯಿತು, ಚಂದ್ರ ಬಂದನಾ ಎಂದು ನೀನು ಕೇಳಿದ್ದಿ. ಅದನ್ನೇ ಬರೆಯಲು ಕೂತಿದ್ದೇನೆ.

ಮೊದಲು ಈ ಕರೆಂಟ್ ಸೈಕಲ್ಲುಗಳ ಬಗ್ಗೆ ಬರೆಯದಿದ್ದರೆ ನಿನಗೆ ನನ್ನ ತಲೆಬಿಸಿ ಅರ್ಥವಾಗುವುದಿಲ್ಲ. ಮುಂಬೈಯಲ್ಲಿ ನೀನು ಕಂಡಿರಬಹುದು. ಇಲ್ಲಿ ಎರಡು ವರ್ಷದಿಂದ ಶುರುವಾಗಿದೆ. ನಾನು, ನೀನು, ಚಂದ್ರ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ವಂಡ್ಸೆ, ಚಿತ್ತೂರು ಎಂದು ತುಳಿಯುತ್ತಿದ್ದ ಕಾಲದಲ್ಲಿ ಸೈಕಲ್ ತುಳಿಯುವವನೆಂದರೆ ಬೇರೆ ಗತಿಯಿಲ್ಲದವನು. ನೀನು ಬೋಟಿಗೆ ಹೋದೆ. ಆಮೇಲೆ ಪಿಕಪ್ ಬಂತು, ರಿಕ್ಷಾ ಬಂತು, ನಮ್ಮ ಪೆಟ್ಟಿಗೆ ಇಳಿಯಿತು. ಆದರೂ ನಾನೂ ಚಂದ್ರನೂ ಭಾನುವಾರದ ಸವಾರಿ ಬಿಡಲಿಲ್ಲ. ಹಾಗೆ ತುಳಿಯುತ್ತಿದ್ದಾಗ ಒಬ್ಬೊಬ್ಬರಾಗಿ ಓದಿದವರೂ ಸೇರಿಕೊಂಡರು. ಕುಂದಾಪುರದ ಬ್ಯಾಂಕಿನ ಶೈಲೇಶ್ ಬಂದ. ಬ್ರಹ್ಮಾವರದ ಶಾಲೆಯಲ್ಲಿ ಆಟ ಕಲಿಸುವ ಸೌಮ್ಯಶ್ರೀ ಟೀಚರ್ ಬಂದರು. ಆ ಹುಡುಗಿ ಬ್ರಹ್ಮಾವರದಿಂದ ಇಲ್ಲಿಯವರೆಗೆ ತುಳಿದುಕೊಂಡೇ ಬಂದು, ನಮ್ಮ ಜೊತೆ ತುಳಿದು, ತಿರುಗಿ ತುಳಿದುಕೊಂಡೇ ಹೋಗುತ್ತದೆ. ಈಗ ನಾವು ಹದಿನಾಲ್ಕು ಜನ. ನಾನು ಹಿರಿಯವನೆಂದು ಮುಂದೆ ಬಿಟ್ಟಿದ್ದರು. ಏಳನೇ ಕ್ಲಾಸಿನವನ ಹಿಂದೆ ಬ್ಯಾಂಕಿನವರು ಬರುವುದು ಕಂಡು ನನಗೂ ಒಂದು ಜಂಬ ಇತ್ತು, ಇಲ್ಲ ಎನ್ನುವುದಿಲ್ಲ.

ಕಳೆದ ವರ್ಷ ಶೈಲೇಶ್ ಹೊಸ ಸೈಕಲ್ ತಂದ. ಟೈರು ನೋಡಿದರೆ ಬುಲೆಟ್ ಗಾಡಿಯದು. ನಡುವೆ ಬ್ಯಾಟರಿ. "ಗುಡ್ಡಣ್ಣ, ಇದ್ ಪೂರ್ತಿ ಮೋಟಾರ್ ಅಲ್ಲ. ನಾವೂ ತುಳಿತೊ. ಇದ್ ಬರೀ ಕೈ ಹಿಡ್ದ್ ಹತ್ತಿಸ್ತ್ ಅಷ್ಟೇ" ಎಂದ.

"ಕೈ ಹಿಡ್ಸ್ಕಂಡ್ ಹತ್ತುದಾದ್ರೆ ಬಸ್ಸಿಗೇ ಹೋಪುದಲ್ದಾ?" ಎಂದೆ.

ಅವನು ನಕ್ಕ. ಆಮೇಲೆ ಅವನನ್ನು ನೋಡಿ ಇನ್ನೊಬ್ಬ ತಂದ, ಮತ್ತೊಬ್ಬ ತಂದ. ಈ ವರ್ಷ ಮಳೆಗಾಲ ಮುಗಿಯುವಾಗ ಹದಿನಾಲ್ಕರಲ್ಲಿ ಆರು ಕರೆಂಟ್ ಸೈಕಲ್!

ಬಚ್ಚ, ನಿನಗೆ ಹೇಗೆ ಹೇಳಲಿ. ಮರವಂತೆಯಲ್ಲಿ ಎದುರು ಗಾಳಿಗೆ ನಾನು ತಲೆ ತಗ್ಗಿಸಿ, ಹಲ್ಲು ಕಚ್ಚಿ ತುಳಿಯುತ್ತಿರುತ್ತೇನೆ. ಪಕ್ಕದಲ್ಲಿ ಶೈಲೇಶ್ ಬೆನ್ನು ನೆಟ್ಟಗೆ ಮಾಡಿ ಕೂತು, ಅವನ ಮಗಳ ಪರೀಕ್ಷೆಯ ವಿಷಯ ಹೇಳುತ್ತಾನೆ. ಒಂದು ಸಲವೂ ಉಸಿರು ಕಟ್ಟುವುದಿಲ್ಲ. ನಾನು ಹೂಂ ಎನ್ನಬೇಕಾದರೂ ಎರಡು ತುಳಿತ ಕಾಯಬೇಕು. ಬರುವಾಗ ಸದ್ದೂ ಇಲ್ಲ, ಬೆಕ್ಕು ಬಂದ ಹಾಗೆ ಹಿಂದಿನಿಂದ ಬಂದು ಬಿಡುತ್ತವೆ. ನಮ್ಮ ಅಂಗಿ ಹಿಂಡಿದರೆ ಒಂದು ಚೆಂಬು ನೀರು ಬರುತ್ತದೆ, ಅವರ ಕಾಲರಿನ ಇಸ್ತ್ರಿ ಮುರಿದಿರುವುದಿಲ್ಲ. ಮೇಲೆ ನಮಗೇ ಉಪದೇಶ, "ನಿಮ್ ಪ್ರಾಯಕ್ಕ್ ಇದೇ ಒಳ್ಳೆದ್ ಗುಡ್ಡಣ್ಣ" ಎಂದು. ವಂಡ್ಸೆಯ ಹೋಟೆಲಿನಲ್ಲಿ ಚಾ ಕುಡಿಯಲು ನಿಂತರೆ ಇವರಿಗೆ ಮೊದಲು ಬೇಕಾದದ್ದು ಪ್ಲಗ್. ಒಂದು ದಿನ ಹೋಟೆಲಿನ ಭಟ್ಟರು ಹೊರಗೆ ಬಂದು, "ಹ್ವಾಯ್ ಗುಡ್ಡಣ್ಣ, ನಿಮ್ಮವ್ರ್ ನನ್ ಗ್ರೈಂಡರಿನ ಪ್ಲಗ್ ಎಳ್ದ್ ಹಾಕಿರ್ ಕಾಣಿ. ನಾ ಚಟ್ನಿ ಎಂತದ್ರಗೆ ಅರೂದ್?" ಎಂದು ನನ್ನನ್ನು ಕೇಳಿದರು. ನನ್ನನ್ನು! ನನ್ನ ಸೈಕಲ್ಲಿಗೆ ಡೈನಮೋ ಕೂಡ ಇಲ್ಲ.

ಅದೂ ಹೋಗಲಿ. ತ್ರಾಸಿಯ ಹತ್ತಿರ ಏದುಸಿರು ಬಿಡುತ್ತ ನಿಂತಿದ್ದೆ, ಒಂದು ಚಿಕ್ಕ ಹೆಣ್ಣುಮಗು ಬಂದು, "ಅಜ್ಜ, ನಿಮ್ ಸೈಕಲ್ ಚಾರ್ಜ್ ಖಾಲಿ ಆಯ್ತಾ?" ಎಂದಿತು. ಮಗುವಿಗೆ ಏನು ಹೇಳುತ್ತಿ? ಹೌದು ಎಂದೆ.

ಇಷ್ಟರಲ್ಲಿ ನನಗಿದ್ದ ಒಂದೇ ಆಸರೆ ಚಂದ್ರ.

ಜನವರಿಯಲ್ಲಿ ಅವನಿಗೆ ಹೃದಯದ ಆಪರೇಷನ್ ಆದದ್ದು ನಿನಗೆ ಗೊತ್ತೇ ಇದೆ. ಎದೆ ಕೊಯ್ದು ಹೊಲಿದಿದ್ದರು. ಇನ್ನು ಅವನು ಸೈಕಲ್ ಮುಟ್ಟುವುದಿಲ್ಲ ಎಂದೇ ಎಲ್ಲರೂ ಹೇಳಿದ್ದರು. ಸೆಪ್ಟೆಂಬರಿನಲ್ಲಿ ಮಳೆ ಸ್ವಲ್ಪ ಬಿಟ್ಟದ್ದೇ, ಒಂದು ಭಾನುವಾರ ಬೆಳಿಗ್ಗೆ ಐಸ್ ಪ್ಲಾಂಟಿನ ಎದುರು ತನ್ನ ಅದೇ ಹಳೆಯ ಕರಿ ಸೈಕಲ್ಲಿನೊಂದಿಗೆ ನಿಂತಿದ್ದ! ತೆಳ್ಳಗಾಗಿದ್ದ. ಅಂಗಿಯ ಮೇಲಿನ ಗುಂಡಿಯ ಹತ್ತಿರ ಹೊಲಿಗೆಯ ತುದಿ ಕಾಣುತ್ತಿತ್ತು. ಕ್ಯಾರಿಯರಿನ ಮೇಲೊಂದು ಪೆಟ್ಟಿಗೆ, ಅದರ ಎರಡೂ ಬದಿಗೆ ಚಕ್ರ ಮುಚ್ಚುವಷ್ಟು ನೀಲಿ ಟರ್ಪಾಲು ಇಳಿಬಿಟ್ಟಿದ್ದ. "ಇದೆಂತದಾ, ತಿರ್ಗಿ ಮೀನ್ ವ್ಯಾಪಾರವಾ?" ಎಂದೆ. "ಗುಳ್ಗಿ, ಮಜ್ಜಿಗಿ, ಮೈ ಒರ್ಸುಕೆ ಒಂದ್ ಬೈರಾಸ. ಸುಗುಣ ಕಟ್ಟಿ ಕೊಟ್ಟಿತ್" ಎಂದ. ಅವನ ಹೆಂಡತಿ ಸುಗುಣ ಎಷ್ಟು ಜಾಗ್ರತೆಯವಳು ಎಂದು ನಿನಗೂ ಗೊತ್ತು. ನಂಬಿದೆ.

ಅವನು ಯಾವಾಗಲೂ ಎಲ್ಲರಿಗಿಂತ ಹಿಂದೆ ಬರುತ್ತಿದ್ದ. ಆದರೆ ಏರಿನಲ್ಲಿ ಇಳಿಯುತ್ತಿರಲಿಲ್ಲ. ನಾನು ಮೇಲೆ ನಿಂತು ತಿರುಗಿ ನೋಡಿದರೆ ಅವನೂ ಬಂದಿರುತ್ತಿದ್ದ. ನನಗೆ ಹೆಮ್ಮೆಯೋ ಹೆಮ್ಮೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ, ಅವನ ಮೇಲಲ್ಲ. ಚಾ ಕುಡಿಯುವಾಗೆಲ್ಲ ಆ ಆರು ಜನರ ಮುಂದೆ ಅವನ ಭುಜ ತಟ್ಟಿ, "ಕಾಣಿ, ಎದಿ ಕೊಯ್ಸ್ಕಂಡ್ ಬಂದವ ತುಳಿತ. ನಿಮ್ಗ್ ಎಂತ ರೋಗ ಬಂದಿತ್? ಬ್ಯಾಟ್ರಿ ಬೇಕಂಬ್ರ್!" ಎನ್ನುತ್ತಿದ್ದೆ. ಒಂದು ದಿನವಲ್ಲ, ಐದು ಭಾನುವಾರ. ಚಂದ್ರ ಚಾದ ಲೋಟ ನೋಡುತ್ತಿದ್ದ. ಶೈಲೇಶ್ ಏನೋ ಹೇಳಲು ಬಾಯಿ ತೆರೆದು, ಚಂದ್ರನ ಮುಖ ನೋಡಿ ಸುಮ್ಮನಾಗುತ್ತಿದ್ದ. ನಾನು ಅವನ ಸೊಕ್ಕು ಇಳಿಯಿತು ಎಂದುಕೊಂಡಿದ್ದೆ.

ನಲವತ್ತು ವರ್ಷ ಸೈಕಲ್ಲಿನ ಮೇಲೆ ಬದುಕಿದವನಿಗೆ ಚಂದ್ರನ ಹಿಂದಿನ ಚಕ್ರದಲ್ಲಿ ಮೋಟಾರು ಇರುವುದು ಗೊತ್ತಾಗಲಿಲ್ಲವಾ ಎಂದು ನೀನು ಕೇಳುತ್ತಿ. ಗೊತ್ತಾಗಲಿಲ್ಲವೋ, ಗೊತ್ತು ಮಾಡಿಕೊಳ್ಳುವ ಮನಸ್ಸಿರಲಿಲ್ಲವೋ, ನಾನೂ ಕೇಳಿಕೊಂಡಿದ್ದೇನೆ.

ಸೀತು ಊಟಕ್ಕೆ ಕರೆಯುತ್ತಿದ್ದಾಳೆ. ಉಂಡು ಬಂದು ಬರೆಯುತ್ತೇನೆ.

ಉಂಡಾಯಿತು. ಸೀತು ಕಾಗದ ಎಷ್ಟು ಉದ್ದವಾಯಿತು ಎಂದು ಇಣುಕಿ ನೋಡಿ ಹೋದಳು.

ಕೊಲ್ಲೂರು ಸವಾರಿ ಅಕ್ಟೋಬರ್ ಇಪ್ಪತ್ತನೇ ತಾರೀಕು, ಭಾನುವಾರ. ಪೆಟ್ಟಿಗೆ ಇಲ್ಲದೆ ಒಂದು ದಿನ ಹಗುರವಾಗಿ ಹೋಗಿ ಬರೋಣ ಎಂದು ನಾವು ಮೂವರು ಶುರುಮಾಡಿದ ಸವಾರಿ, ಈ ಸಲಕ್ಕೆ ನಲವತ್ತು ವರ್ಷ. ಹಿಂದಿನ ವಾರವೇ ಎಲ್ಲರಿಗೂ ಹೇಳಿದ್ದೆ, ಈ ಒಂದು ದಿನ ಬ್ಯಾಟರಿ ತೆಗೆದಿಟ್ಟು ಬನ್ನಿ ಎಂದು. ಮೊಬೈಲ್ ಗುಂಪಿನಲ್ಲಿ ದೊಡ್ಡ ಗಲಾಟೆ. ಕಡೆಗೆ ನಾಲ್ವರು ಬರಲೇ ಇಲ್ಲ. ಶೈಲೇಶ್ ಮತ್ತು ಇನ್ನೊಬ್ಬ ಬ್ಯಾಟರಿ ಸಮೇತ ಬಂದರು. "ಬ್ಯಾಟ್ರಿ ತೆಗ್ದ್ರೆ ಇದ್ ಆನಿ ಮರಿ ಗುಡ್ಡಣ್ಣ, ದೂಡುಕಾತಿಲ್ಲೆ" ಎಂದ ಶೈಲೇಶ್. ನಾನು ಮುಖ ತಿರುಗಿಸಿ ಹೊರಟೆ.

ಹೆಮ್ಮಾಡಿ, ವಂಡ್ಸೆ ಚೆನ್ನಾಗಿ ದಾಟಿದೆವು. ಬಿಸಿಲು ಬೇಗ ಏರಿತು. ಚಿತ್ತೂರು ಕಳೆದು ನಮ್ಮ ಬಂಗುಡೆ ಏರು ಬಂತು. ನೀನು ಆ ವರ್ಷ ಪೆಟ್ಟಿಗೆ ಸಮೇತ ಬಿದ್ದು, ಬಂಗುಡೆಯೆಲ್ಲ ರಸ್ತೆಗೆ ಚೆಲ್ಲಿ, ಕಾಗೆಗಳ ಜೊತೆ ಜಗಳವಾಡಿದೆಯಲ್ಲ, ಅದೇ ಏರು. ಈಗ ರಸ್ತೆ ಅಗಲವಾಗಿದೆ, ಏರು ಇದ್ದ ಹಾಗೇ ಇದೆ. ನಾನು ಮೇಲೆ ತಲುಪಿ, ಕಾಲು ಊರಿ ಹಿಂದೆ ನೋಡಿದೆ. ಚಂದ್ರ ಅರ್ಧದಲ್ಲಿ ನಿಂತಿದ್ದ. ಇಳಿದು, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ತಲೆ ಬಗ್ಗಿಸಿ ನಿಂತಿದ್ದ.

ಸೈಕಲ್ ಬಿಸಾಡಿ ಕೆಳಗೆ ಓಡಿದೆ. "ಎಂತಾಯ್ತಾ? ಎದಿ ನೋಯ್ತಾ?"

"ಎಂತ ಇಲ್ಲೆ ಮಾರಾಯ. ನೀ ಹೋಗ್, ನಾ ಸಾವ್ಕಾಶ ಬತ್ತೆ."

"ಹ್ಯಾಂಡಲ್ ಹಿಡ್ಕೊ, ನಾ ದೂಡ್ತೆ" ಎಂದು ಕ್ಯಾರಿಯರಿಗೆ ಕೈ ಹಾಕಿದೆ. ಅವನು "ಬ್ಯಾಡ, ಬ್ಯಾಡ" ಎಂದ. ನಾನು ನೂಕಿದೆ. ಸೈಕಲ್ ಅಲುಗಲಿಲ್ಲ. ಮೀನು ತುಂಬಿದ ಎರಡು ಪೆಟ್ಟಿಗೆಯ ಭಾರ. "ಎಂತ ಇತ್ ಇದ್ರಗೆ? ಕಲ್ಲಾ?" ಎಂದು ಟರ್ಪಾಲು ಎತ್ತಿದೆ. ಪೆಟ್ಟಿಗೆಯೊಳಗೆ ಕಪ್ಪು ಬ್ಯಾಟರಿ, ವಯರು. ಅದರ ಮೂಲೆಯಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿತ್ತು. ಕೆಳಗೆ ಹಿಂದಿನ ಚಕ್ರದ ನಡುವೆ ತಂಬಿಗೆಯಷ್ಟು ದಪ್ಪದ ಮೋಟಾರು.

"ಇದೆಂತದಾ?"

"ಬ್ಯಾಟ್ರಿ. ಚಾರ್ಜ್ ಮುಗಿತ್."

"ಯಾವತ್ತಿಂದ?"

"ಶುರುವಿಂದ್ಲೂ."

ಅಷ್ಟರಲ್ಲಿ ಮುಂದೆ ಹೋದವರೆಲ್ಲ ತಿರುಗಿ ಬಂದು ಸುತ್ತ ನಿಂತಿದ್ದರು. ಬಚ್ಚ, ಆ ಐದು ಭಾನುವಾರವೂ ನನ್ನ ಕಣ್ಣ ಮುಂದೆ ಬಂದವು. ಇವರೆದುರು ಅವನ ಭುಜ ತಟ್ಟಿದ್ದು, ಆಡಿದ ಮಾತು, ಇವರು ಮುಚ್ಚಿದ ಬಾಯಿ. ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬನಿಗೆ ಬಿಟ್ಟು. ಆಗ ನನ್ನ ಬಾಯಿಂದ ಬಂದದ್ದನ್ನು ಹಾಗೇ ಬರೆಯುತ್ತೇನೆ, ಒಂದು ಮಾತೂ ಬಿಡುವುದಿಲ್ಲ.

"ನಾಚ್ಕಿ ಆತಿಲ್ಯಾ ನಿಂಗೆ? ನಲವತ್ ವರ್ಷ ಒಟ್ಟಿಗ್ ತುಳ್ದವನ್ನ ಮಂಗ ಮಾಡ್ದ್ಯಲಾ? ಇಂಥಾ ಸವಾರಿ ಮಾಡೂದ್ಕಿಂತ ಮನಿಯಂಗೆ ಹಾಸ್ಗಿ ಹಾಸ್ಕಂಡ್ ಬಿದ್ಕಂಬುದ್ ಒಳ್ಳೆದ್!"

ನಾನು ಎತ್ತಿದ ಟರ್ಪಾಲನ್ನು ಚಂದ್ರ ಇಳಿಸಿದ. ಹಗ್ಗವನ್ನು ಎಳೆದು ಕಟ್ಟಿದ. ಮೀನಿನ ಪೆಟ್ಟಿಗೆಗೆ ಹಾಕುತ್ತಿದ್ದನಲ್ಲ, ಒಂದೇ ಎಳೆತಕ್ಕೆ ಬಿಚ್ಚುವ ಗಂಟು, ಅದೇ ಗಂಟು. ಒಂದು ಸಲ ತಪ್ಪಿತು, ತಿರುಗಿ ಹಾಕಿದ. ಆಮೇಲೆ ಸೈಕಲ್ ತಿರುಗಿಸಿ, "ಆಯ್ತ್ ಮಾರಾಯ. ನೀ ಹೇಳದ್ ಸಮಾ" ಎಂದು ಇಳಿಜಾರಿನಲ್ಲಿ ನಡೆದುಕೊಂಡು ಹೊರಟ. ಶೈಲೇಶ್ ನನ್ನ ಕಡೆ ಒಮ್ಮೆ ನೋಡಿದ. ಬೈದರೆ ಒಳ್ಳೆಯದಿತ್ತು, ಬೈಯಲಿಲ್ಲ. ತನ್ನ ಆನೆಮರಿಯನ್ನು ತಿರುಗಿಸಿಕೊಂಡು ಚಂದ್ರನ ಹಿಂದೆ ಹೋದ.

ನಾನು ಹೋಗಲಿಲ್ಲ. ನಾನು ಕೊಲ್ಲೂರಿಗೆ ಹೋದೆ. ಇದಕ್ಕೆ ಏನು ಹೇಳುತ್ತಿ? ನಲವತ್ತು ವರ್ಷ ತಪ್ಪಿಸದ ಸವಾರಿ ಎಂಬ ಹಠ. ಹಾಲ್ಕಲ್ ದಾಟಿದ್ದು, ದೇವಸ್ಥಾನದ ಎದುರು ಚಪ್ಪಲಿ ಬಿಟ್ಟದ್ದು ಒಂದೂ ನೆನಪಿಲ್ಲ. ಕೈ ಮುಗಿದು ನಿಂತೆ, ಬೇಡಲು ಏನೂ ತೋಚಲಿಲ್ಲ. ಹೊರಗೆ ಬಂದಾಗ ಸೌಮ್ಯಶ್ರೀ ಟೀಚರ್ ಸೈಕಲ್ಲಿಗೆ ಒರಗಿ ನೀರು ಕುಡಿಯುತ್ತಿದ್ದರು. ನನ್ನ ಪರವಾಗಿ ಯಾರಾದರೂ ಮಾತಾಡುವುದಾದರೆ ಇವರೇ ಎಂದು ಹತ್ತಿರ ಹೋದೆ. ಯಾಕೆಂದರೆ ಕರೆಂಟ್ ಸೈಕಲ್ ಕಂಡರೆ ಅವರಿಗೂ ಆಗುವುದಿಲ್ಲ.

"ಗುಡ್ಡಣ್ಣ, ನಂಗೂ ಆ ಗಾಡಿ ಕಂಡ್ರೆ ಮೈ ಉರಿತ್ತ್" ಎಂದರು. "ಶಾಲಿ ಮಕ್ಳ್ ಕಾಲಿಗ್ ಬಲ ಬರ್ಲಿ ಅಂದೇಳಿ ನಾ ಸೈಕಲ್ ತುಳ್ಸುದ್. ಅವ್ರ್ ಅಪ್ಪಯ್ಯ ಹೋಯಿ ಮೋಟಾರಿನ್ ಸೈಕಲ್ ತೆಕ್ಕೊಡ್ತ್ರ್. ಹತ್ತ್ ವರ್ಷದ್ ಮಕ್ಳಿಗೆ! ನಾ ಯಾರ್ ಹತ್ರ ಹೇಳುದ್? ಆದ್ರೆ ನೀವ್ ಇವತ್ತ್ ಬೈದದ್ ಗಾಡಿಗಲ್ಲ."

ಅಷ್ಟು ಹೇಳಿ ಬಾಟಲಿಯ ಮುಚ್ಚಳ ತಿರುಗಿಸಿ, ಹೊರಟೇ ಬಿಟ್ಟರು.

ಮಾರನೇ ದಿನ ಬೆಳಿಗ್ಗೆ ನಮ್ಮ ಅಂಗಳಕ್ಕೆ ಸುಗುಣ ಬಂದಳು. ಸೀತು ಒಳಗೆ ಕರೆದರೂ ಮೆಟ್ಟಿಲು ಹತ್ತಲಿಲ್ಲ. "ಗುಡ್ಡಣ್ಣ, ಹೊರ್ಗ್ ಬನಿ" ಎಂದಳು. ಬಂದೆ.

"ಬ್ಯಾಟ್ರಿ ಹಾಕ್ಸದ್ ನಾನ್. ಬೈಯ್ಕಿದ್ರೆ ನಂಗ್ ಬೈಯಿನಿ. ಸಮತಟ್ಟ್ ರಸ್ತಿಯಗೆ ತುಳಿಲಿ, ಏರ್ ಹತ್ತೂದ್ ಬ್ಯಾಡ ಅಂದೇಳಿ ಡಾಕ್ಟ್ರ್ ಹೇಳಿರ್. ಇವ್ರ್ ಕೇಂಬ ಪೈಕಿಯಾ? ಗುಡ್ಡನ್ ಒಟ್ಟಿಗ್ ಹೋಯ್ಕ್, ಗುಡ್ಡನ್ ಒಟ್ಟಿಗ್ ಹೋಯ್ಕ್ ಅಂದೇಳಿ ಮಕ್ಳ್ ಕಣೆಗೆ ಹಠ. ನಾನೇ ಶೈಲೇಶಣ್ಣನ್ ಹತ್ರ ಹೇಳಿ ಹಾಕ್ಸ್ದೆ. ನಿಮ್ಗ್ ಗೊತ್ತಾರೆ ಸಸಾರ ಮಾಡಿ ನೆಗಾಡ್ತ್ರಿ ಅಂದೇಳಿ ಆ ಟರ್ಪಾಲ್ ಮುಚ್ಚದ್ ಮಾತ್ರ ಇವ್ರ್."

ನಾನು, "ನಂಗ್ ಒಂದ್ ಮಾತ್ ಹೇಳೂಕಾಗ್ದಾ?" ಎಂದೆ.

"ನಿಮ್ಗ್ ಹೇಳೂಕೆ ನಿಮ್ ಕಿವಿ ಎಲ್ಲಿತ್ ಗುಡ್ಡಣ್ಣ? ಬರೀ ಬಾಯಿಯೇ ಅಲ್ದಾ ಇಪ್ಪುದ್?"

ಸೀತು ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. ನನ್ನ ಪರ ಒಂದು ಮಾತು ಆಡಲಿಲ್ಲ. ಸುಗುಣ ಹೋದ ಮೇಲೆ ಅವಳಿಗೆ ಎರಡು ತುಂಡು ಅಂಜಲ್ ಮೀನು ಕೊಟ್ಟು ಕಳಿಸಬೇಕಿತ್ತು ಎಂದಳು, ಅಷ್ಟೇ.

ಆಮೇಲೆ ಮೂರು ಸಲ ಚಂದ್ರನ ಮನೆಗೆ ಹೋದೆ. ಮೊದಲ ಸಲ ಮಲಗಿದ್ದಾನೆ ಎಂದರು. ಬೆಳಿಗ್ಗೆ ಹತ್ತು ಗಂಟೆ. ಎರಡನೇ ಸಲ ನಿಜವಾಗಿ ಮನೆಯಲ್ಲಿರಲಿಲ್ಲ. ಮೂರನೇ ಸಲ ಜಗಲಿಯಲ್ಲಿ ಕೂತಿದ್ದ. ಕೂಕೊ ಎಂದ. ಚಾ ಬಂತು. ಬೂತಾಯಿ ಯಾಕೆ ಕಮ್ಮಿ, ಅಳಿವೆಯಲ್ಲಿ ಯಾವ ಬೋಟು ಹೂಳಿಗೆ ಸಿಕ್ಕಿತು, ನಿನ್ನ ಪೂಜಿತಾಳ ಕೆಲಸ, ಎಲ್ಲ ಮಾತಾಡಿದೆವು. ನನ್ನ ಬಾಯಿಗೆ ಬರಬೇಕಾದ ಒಂದು ಮಾತು ಬರಲಿಲ್ಲ. ಏಳುವಾಗ, "ಭಾನುವಾರ ಬಾರಾ, ಬ್ಯಾಟ್ರಿ ಇದ್ರೂ ಅಡ್ಡಿಲ್ಲೆ" ಎಂದೆ. ನೋಡು, ಅಲ್ಲಿಯೂ ನಾನು ಅಪ್ಪಣೆ ಕೊಡುವವನ ಹಾಗೇ ಮಾತಾಡಿದೆ. ಅವನು ಲೋಟ ಕೆಳಗಿಟ್ಟು, "ನಂಗ್ ಸೈಕಲ್ ಸಾಕಾಯ್ತ್ ಮಾರಾಯ" ಎಂದ.

ನಾನು ನಂಬಿ ಬಂದೆ. ನನಗೂ ಸಾಕಾಯಿತು ಎಂದು ಗುಂಪಿನವರಿಗೆ ಹೇಳಿಬಿಟ್ಟೆ. ಎರಡು ಭಾನುವಾರ ಮನೆಯಲ್ಲೇ ಕೂತೆ. ಕಳೆದ ಭಾನುವಾರ ಕೂರಲು ಆಗಲಿಲ್ಲ. ಒಬ್ಬನೇ ತ್ರಾಸಿಯವರೆಗೆ ಹೋಗಿ, ಕಡಲ ಬದಿಗೆ ಸೈಕಲ್ ನಿಲ್ಲಿಸಿ ಕೂತಿದ್ದೆ. ಅಷ್ಟರಲ್ಲಿ ಹೆದ್ದಾರಿಯಲ್ಲಿ ನಮ್ಮ ಗುಂಪು ಬಂತು, ಬೈಂದೂರಿನ ಕಡೆಗೆ. ಎಲ್ಲರ ಮುಂದೆ ಸೌಮ್ಯಶ್ರೀ ಟೀಚರ್. ನಡುವೆ ಶೈಲೇಶ್. ಅವನ ಪಕ್ಕ ಚಂದ್ರ.

ಟರ್ಪಾಲು ಇರಲಿಲ್ಲ. ಪೆಟ್ಟಿಗೆ, ವಯರು, ಮೋಟಾರು ಎಲ್ಲ ಬಿಸಿಲಿಗೆ ಕಾಣುತ್ತಿದ್ದವು. ಬೆನ್ನು ನೆಟ್ಟಗೆ ಮಾಡಿ ಕೂತು ಶೈಲೇಶನಿಗೆ ಏನೋ ಹೇಳಿ ನಗುತ್ತಿದ್ದ. ಅವನು ಸೈಕಲ್ ಮೇಲೆ ಕೂತು ನಗುವುದನ್ನು ನಾನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ. ನನ್ನ ಜೊತೆ ಬರುವಾಗ ಅವನಿಗೆ ನಗಲು ಉಸಿರು ಎಲ್ಲಿರುತ್ತಿತ್ತು?

ಹಾರಿ ಸೈಕಲ್ ಹತ್ತಿ ಹಿಂದೆ ಬಿದ್ದೆ. ಮರವಂತೆಯಲ್ಲಿ ಎಡಗಡೆ ಕಡಲಿನ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ತುಳಿದೆ. ಮಂಡಿಯಲ್ಲಿ ಕಲ್ಲು ಅರೆದ ಹಾಗೆ. ಇಪ್ಪತ್ತು ಮಾರು ದೂರಕ್ಕೆ ಬಂದೆ, ಆಮೇಲೆ ಮೂವತ್ತಾಯಿತು, ಐವತ್ತಾಯಿತು. ಕರೆಂಟಿಗೆ ಗಾಳಿಯ ಲೆಕ್ಕ ಎಲ್ಲಿ! ಕಡೆಗೆ ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ: "ಹ್ವಾಯ್ ಚಂದ್ರಾ! ಸಾವ್ಕಾಶ ಹೋಗಾ!"

ಅವನಿಗೆ ಕೇಳಿಸಿತೋ ಇಲ್ಲವೋ. ಗಾಳಿ ನನ್ನ ಕಡೆಗೆ ಬೀಸುತ್ತಿತ್ತು, ಕೂಗಿದ್ದು ನನಗೇ ತಿರುಗಿ ಬಂದಿರಬೇಕು. ಅವರು ನಾವುಂದದ ಕಡೆ ಕಾಣದಾದರು. ನಾನು ರಸ್ತೆ ಬದಿಗೆ ಕಲ್ಲಿನ ಮೇಲೆ ಕೂತು, ಎದೆಬಡಿತ ಇಳಿಯುವವರೆಗೆ ಕಾದು, ಸೈಕಲ್ ದೂಡಿಕೊಂಡು ಮನೆಗೆ ಬಂದೆ. ಟೈರು ಸರಿ ಇತ್ತು, ಚೈನು ಸರಿ ಇತ್ತು. ಹತ್ತಲು ಮನಸ್ಸಾಗಲಿಲ್ಲ.

ಇದರಿಂದ ನನಗೆ ಆ ಗಾಡಿಗಳ ಮೇಲಿನ ಸಿಟ್ಟು ಇಳಿದಿದೆ ಎಂದು ತಿಳಿಯಬೇಡ. ಇಳಿದಿಲ್ಲ. ಮೂವತ್ತು ವರ್ಷದ ಗಟ್ಟಿಮುಟ್ಟು ಹುಡುಗರು ಗುಂಡಿ ಒತ್ತಿ ಏರು ಹತ್ತುವುದು ಕಂಡರೆ ಈಗಲೂ ಕೆನ್ನೆಗೆ ಬಾರಿಸಬೇಕು ಎನಿಸುತ್ತದೆ. ಭಟ್ಟರ ಚಟ್ನಿಯ ವಿಷಯದಲ್ಲಿಯೂ ನಾನು ಭಟ್ಟರ ಪರವೇ. ಆದರೆ ಆ ಸಿಟ್ಟನ್ನು ಯಾರ ಮೇಲೆ ಹೇರಬಾರದಿತ್ತೋ ಅವನ ಮೇಲೆ ಹೇರಿದೆ.

ಅದಕ್ಕೆ ನಿನ್ನಿಂದ ಒಂದು ಉಪಕಾರ ಆಗಬೇಕು. ನೀನು ಚಂದ್ರನಿಗೆ ಒಂದು ಕಾಗದ ಬರೆ. ನನ್ನ ಪರವಾಗಿ ವಕಾಲತ್ತು ಬೇಡ, ಗುಡ್ಡ ಹೀಗೆ ಬರೆದಿದ್ದಾನೆ ಎಂದೂ ಬೇಡ. ಸುಮ್ಮನೆ ಅವನ ಆರೋಗ್ಯ ಕೇಳು, ಈಗ ಸೈಕಲ್ ಸವಾರಿ ಹೇಗಿದೆ ಎಂದು ಕೇಳು. ನಿನಗೆ ಉತ್ತರ ಬರೆಯುವಾಗ ನನ್ನ ಹೆಸರು ಬರೆಯುತ್ತಾನಾ ಇಲ್ಲವಾ, ಅದೊಂದನ್ನು ನನಗೆ ತಿಳಿಸು. ಬರೆದಿದ್ದರೆ ನಾನು ನಾಲ್ಕನೇ ಸಲ ಹೋಗುತ್ತೇನೆ. ಬರೆಯದಿದ್ದರೂ ಹೋಗುತ್ತೇನೆ, ಆದರೆ ಸ್ವಲ್ಪ ಧೈರ್ಯ ಬೇಕಾಗುತ್ತದೆ.

ನಿನ್ನ ಮನೆಯವರಿಗೆ ನನ್ನ, ಸೀತುವಿನ ನಮಸ್ಕಾರ. ಪೂಜಿತಾಳಿಗೆ ನಮ್ಮಿಬ್ಬರ ಆಶೀರ್ವಾದ. ಅವಳ ಕೈಗುಣದಿಂದ ನಾಲ್ಕು ಜನ ಎದ್ದು ಓಡಾಡಲಿ, ಕೊಲ್ಲೂರಮ್ಮ ಅವಳನ್ನು ಚೆನ್ನಾಗಿಡಲಿ. ನಿನ್ನ ಕಿವಿಗೆ ಯಂತ್ರ ಹಾಕಿಸು ಎಂದು ಅವಳು ಹೇಳುತ್ತಿದ್ದಾಳಂತೆ. ಹಾಕಿಸಿಕೊ. ಅದಕ್ಕೂ ಬ್ಯಾಟರಿಯೇ ಬೇಕಂತೆ, ನಾನು ಏನೂ ಹೇಳುವುದಿಲ್ಲ.

ನಿನ್ನ,
ಗುಡ್ಡ

ತಾ. ಕ.: ಕಾಗದ ಮಡಚಿ, ಅಂಟು ಹಚ್ಚುವ ಮೊದಲು ತಿರುಗಿ ಬಿಚ್ಚಿದೆ. ಒಂದು ವಿಷಯ ಬರೆದಿಲ್ಲ. ಜೂನ್ ತಿಂಗಳು, ಮಳೆ ಆಗಷ್ಟೇ ಹಿಡಿದಿತ್ತು. ಚಂದ್ರ ಕೊಡೆ ಹಿಡಿದು ನಡೆದುಕೊಂಡು ನಮ್ಮ ಶೆಡ್ಡಿಗೆ ಬಂದಿದ್ದ. ಆಪರೇಷನ್ ಆದ ಮೇಲೆ ಅವನು ಅಷ್ಟು ದೂರ ನಡೆದದ್ದು ಅದೇ ಮೊದಲು. ಸ್ವಲ್ಪ ಹೊತ್ತು ನಾನು ಬಲೆ ಕಟ್ಟುವುದನ್ನು ನೋಡುತ್ತ ಕೂತು, "ಗುಡ್ಡ, ಸೈಕಲ್ ತುಳಿಲಿ ಅಂದಿರ್ ಡಾಕ್ಟ್ರ್. ಮಳಿ ಬಿಟ್ಟ್ ಕೂಡ್ಲೆ ಬತ್ತೆ. ನೀ ನನ್ನೊಟ್ಟಿಗ್ ಒಂಚೂರ್ ಸಾವ್ಕಾಶ ಬತ್ಯಾ?" ಎಂದು ಕೇಳಿದ. ನಾನು ತಲೆ ಎತ್ತದೆ, "ಸಾವ್ಕಾಶ ಹೋಪುದಾರೆ ಹೆಂಗಸ್ರ್ ವಾಕಿಂಗಿಗ್ ಹೋತ್ರಲೆ, ಅವ್ರೊಟ್ಟಿಗ್ ಹೋಗ್. ನಮ್ ಓಟಕ್ಕ್ ಬಪ್ಪುಕಾದ್ರೆ ಮಾತ್ರ ಬಾ" ಎಂದೆ. ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ನಕ್ಕು, ಕೊಡೆ ಬಿಡಿಸಿಕೊಂಡು ಹೋದ.

ಸುಗುಣಳಿಗೆ ಇದು ಗೊತ್ತಿಲ್ಲ. ಗೊತ್ತಿದ್ದರೆ ಅವಳು ಅಂಗಳದಲ್ಲಿ ಅಷ್ಟಕ್ಕೇ ಬಿಡುತ್ತಿರಲಿಲ್ಲ. ಏರಿನಲ್ಲಿ ಅಷ್ಟು ಜನರೆದುರು ನಾನು ಹಾಗೆ ಬೈದಾಗಲೂ ಅವನು ಇದನ್ನು ಎತ್ತಲಿಲ್ಲ, ಬಚ್ಚ. ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.